ಊಟದ ಡಬ್ಬಿ, ಜನರಲ್ ಡಬ್ಬಿ

ವನದುರ್ಗಕ್ಕೆ ರೈಲಿಲ್ಲ. ಶಹಾಪುರಕ್ಕಿಲ್ಲ, ಸುರಪುರಕ್ಕೂ ಇಲ್ಲ. ಸುರಪುರದ ನಾಯಕರ ಕಾಲದ ನಮ್ಮೂರ ಕೋಟೆಯ ಮೇಲೆ ನಿಂತರೆ ಹೊಲ ಕಾಣುತ್ತದೆ, ಗುಡ್ಡ ಕಾಣುತ್ತದೆ, ಹಳಿ ಮಾತ್ರ ಕಾಣುವುದಿಲ್ಲ. ಗಾಡಿ ಹತ್ತುವವರು ಶಹಾಪುರಕ್ಕೆ ಬಂದು, ಭೀಮಾ ಹೊಳೆ ದಾಟಿ ಯಾದಗಿರಿ ಟೇಶನ್ ಮುಟ್ಟಬೇಕು. ಹಿಂದೆಯೂ ಹಾಗೇ, ಈಗಲೂ ಹಾಗೇ. ಟೇಶನ್ ಮುಟ್ಟಿದರೆ ಮಾತ್ರ ಎದುರಿಗಿರುವುದು ದೇಶದ ಹಳೆಯ ಮುಖ್ಯ ಹಳಿ. ಮುಂಬೈ ಕಡೆಯಿಂದ ಬಂದ ಜಿ.ಐ.ಪಿ. ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮೂರು ವರ್ಷಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿಯೂ ಬಂತು. ಅಂದಿನಿಂದ ದೊಡ್ಡ ದೊಡ್ಡ ಊರುಗಳ ಮಂದಿ ನಮ್ಮ ಯಾದಗಿರಿಯನ್ನು ಹಾದು ಹೋಗುತ್ತಲೇ ಇದ್ದಾರೆ, ಉಣ್ಣುತ್ತ, ಕುಡಿಯುತ್ತ.

ಆ ಗಾಡಿಗಳಲ್ಲಿ ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕ ಬಹಳ ವರ್ಷಗಳಿಂದ ನನ್ನ ತಲೆಯಲ್ಲಿದೆ. ಹಳೆಯ ಕಾಲದ ಊಟದ ಡಬ್ಬಿಯ ಬಗ್ಗೆ ಇತ್ತೀಚೆಗೆ ಬರುವ ಬರಹಗಳನ್ನು ಓದಿದಾಗಲೆಲ್ಲ ಆ ಲೆಕ್ಕ ಮತ್ತೆ ಎದ್ದು ಕೂರುತ್ತದೆ. ಬಿಳಿ ಮೇಜುಬಟ್ಟೆ, ಬೆಳ್ಳಿ ಚಮಚ, ಕಟ್ಲೆಟ್ಟು, ಕಸ್ಟರ್ಡು, ಕಿಟಕಿಯಾಚೆ ಮುಳುಗುವ ಸೂರ್ಯ. ಇವೆಲ್ಲ ಇದ್ದದ್ದು ನಿಜ. ಇದ್ದದ್ದು ಯಾರಿಗೆ ಎಂಬುದನ್ನು ಮಾತ್ರ ಆ ಬರಹಗಳು ಹೇಳುವುದಿಲ್ಲ.

ನನಗೆ ಈ ಸಂಗತಿ ಗೊತ್ತಾದದ್ದು ಪುಸ್ತಕದಿಂದಲ್ಲ. ನಮ್ಮ ಸೋದರಮಾವ ರೈಲ್ವೆ ಕ್ಯಾಟರಿಂಗಿನಲ್ಲಿ ಬೇರರ್ ಆಗಿದ್ದ. 1950ರ ದಶಕದ ನಡುವಿನಲ್ಲಿ ರೈಲ್ವೆ ತಾನೇ ಅಡುಗೆ ಮಾಡಿಸಿ ಬಡಿಸುವ ಕೆಲಸಕ್ಕೆ ಕೈಹಾಕಿದ ಮೇಲೆ ಸೇರಿಕೊಂಡವನು. ಅದಕ್ಕೂ ಮೊದಲು ಈ ಕೆಲಸವೆಲ್ಲ ಗುತ್ತಿಗೆ ಕಂಪನಿಗಳದ್ದು. ಜಿ.ಐ.ಪಿ. ಕಡೆ ಬ್ರಾಂಡನ್, ಮದ್ರಾಸ್ ಕಡೆ ಸ್ಪೆನ್ಸರ್. ಮಾವನಿಗೆ ಕೆಲಸ ಕಲಿಸಿದ ಹಿರಿಯರು ಅಂಥ ಗುತ್ತಿಗೆಯಲ್ಲಿ ಪಳಗಿದವರು. ಸಾಹೇಬರಿಗೆ ವಿಸ್ಕಿ-ಸೋಡಾ ಕೊಟ್ಟವರು ಅವರು. ಮಾವ ಹೇಳುತ್ತಿದ್ದದ್ದು ಅವರ ಬಾಯಿಂದ ಕೇಳಿದ ಮಾತು.

ಓಡುವ ಗಾಡಿಯಲ್ಲಿ ಗ್ಲಾಸಿಗೆ ಸುರಿಯುವುದು ಹೇಗೆಂದು ಮಾವ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ತೋರಿಸುತ್ತಿದ್ದ. ಎರಡು ಪಾದ ಅಗಲಿಸಿ, ಸೊಂಟವನ್ನು ಗೋಡೆಗೆ ಆನಿಸಿ, ಎಡಗೈಯಲ್ಲಿ ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬಲಗೈಯಲ್ಲಿ ಸೋಡಾ ಬಾಟಲಿ. ಬಾಟಲಿಯ ಕಂಠ ಗ್ಲಾಸಿನ ಅಂಚಿಗೆ ತಾಗಿರಬೇಕು, ಆಗ ಗಾಡಿ ಎತ್ತ ವಾಲಿದರೂ ಎರಡೂ ಕೂಡಿಯೇ ವಾಲುತ್ತವೆ. “ಅಳಿಯಾ, ಗಾಡಿ ಕುಣಿಯಾಗ ಗಿಲಾಸ ತುಂಬಬಾರದು. ಅರ್ಧಕ್ಕ ನಿಂದರಬೇಕು. ಸಾಹೇಬ ಮತ್ತ ಕೇಳ್ತಾನ, ಮತ್ತ ಹಾಕಬೇಕು” ಎನ್ನುತ್ತಿದ್ದ. ಒಂದು ಹನಿ ಮೇಜುಬಟ್ಟೆಯ ಮೇಲೆ ಬಿದ್ದರೂ ಬೈಗುಳ. ಬಿಳಿ ಕೋಟು, ನಡುಪಟ್ಟಿ, ತುರಾಯಿ ಎತ್ತಿ ಕಟ್ಟಿದ ರುಮಾಲು. ಆ ರುಮಾಲು ಕಟ್ಟುವುದನ್ನೂ ಅವನು ನಮ್ಮ ಮುಂದೆ ಮಾಡಿ ತೋರಿಸಿದ್ದಾನೆ. ಕೈ ಚಳಕ ದೊಡ್ಡದು, ಅದನ್ನು ಮೆಚ್ಚದೆ ಇರಲಾಗದು.

ಆ ಕಾಲದ ಗಾಡಿಗಳಲ್ಲಿ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಒಳಗಿನಿಂದಲೇ ಹೋಗುವ ದಾರಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಊಟ ಬೇಕಾದವರು ಒಂದು ಟೇಶನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ನಡೆದು, ಊಟದ ಡಬ್ಬಿ ಹತ್ತಬೇಕು. ಉಂಡ ಮೇಲೆ ಮುಂದಿನ ನಿಲ್ದಾಣ ಬರುವ ತನಕ ಅಲ್ಲೇ ಕೂರಬೇಕು. ಹಾಗಾಗಿ ಅದು ಹರಟೆಯ ಜಾಗವೂ ಆಯಿತು, ಕುಡಿತದ ಜಾಗವೂ ಆಯಿತು. ಗುಲಬರ್ಗಾದಲ್ಲಿ ಹತ್ತಿದವರು ವಾಡಿಯ ತನಕ, ವಾಡಿಯಲ್ಲಿ ಹತ್ತಿದವರು ರಾಯಚೂರಿನ ತನಕ. ನಮ್ಮ ಯಾದಗಿರಿ ಅವರ ಎರಡನೇ ಗ್ಲಾಸಿನ ಹೊತ್ತಿಗೆ ಹಾದು ಹೋಗುವ ಟೇಶನ್ ಆಗಿತ್ತು ಎಂದು ಮಾವ ಹೇಳುತ್ತಿದ್ದ.

ಸ್ವಾತಂತ್ರ್ಯದ ನಂತರ ಈ ಹಳಿಗೆ ಒಂದು ವಿಚಿತ್ರ ಸ್ಥಿತಿ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ 1948ಕ್ಕೆ ಪೂರ್ತಿ ಪಾನನಿಷೇಧ. ಮುಂಬೈಯಲ್ಲಿ 1949ರ ಕಾಯ್ದೆ. ಸೊಲ್ಲಾಪುರದ ತನಕ ಮುಂಬೈಯ ಕಾಯ್ದೆ, ತುಂಗಭದ್ರೆಯಾಚೆ ಮದ್ರಾಸಿನ ಕಾಯ್ದೆ. ನಡುವೆ ನಿಜಾಮರ ಆಳ್ವಿಕೆ ಕಂಡ ನಮ್ಮ ಸೀಮೆ. ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ. ಸಿಂದಿ, ಸಾರಾಯಿ ಇಲ್ಲದ ಊರಿರಲಿಲ್ಲ. ಮಾವನ ಕಾಲಕ್ಕೆ ರೈಲ್ವೆಯ ಬೇರರ್ ಕೊಡುತ್ತಿದ್ದದ್ದು ಸೋಡಾ ಮತ್ತು ಗ್ಲಾಸು. ಬಾಟಲಿ ಸಾಹೇಬರದೇ. ಸೊಲ್ಲಾಪುರ ಹಿಂದೆ ಬಿದ್ದು ನಮ್ಮ ಕರಿಹೊಲ ಶುರುವಾದರೆ ಬ್ಯಾಗಿನಿಂದ ಹೊರಗೆ, ತುಂಗಭದ್ರಾ ಸೇತುವೆ ಬರುವ ಮೊದಲು ಬ್ಯಾಗಿನ ಒಳಗೆ. ಮಾವನಿಗೆ ನಮ್ಮ ಸೀಮೆಯ ಗಡಿ ಗೊತ್ತಾಗುತ್ತಿದ್ದದ್ದೇ ಹೀಗೆ.

ಇಷ್ಟು ಹೇಳಿದ ಮಾವ ಆ ಮೇಜಿಗೆ ಕೂತು ಒಂದು ದಿನವೂ ಉಂಡವನಲ್ಲ. ಎಲ್ಲರ ಊಟ ಮುಗಿದು, ತಟ್ಟೆ ತೊಳೆದು, ಚಮಚ ಎಣಿಸಿಕೊಟ್ಟ ಮೇಲೆ ಅಡುಗೆ ಒಲೆಯ ಪಕ್ಕ ನಿಂತೇ ಉಣ್ಣುವುದು. ಉಳಿದದ್ದು ಅನ್ನ ಮತ್ತು ಸಾರು. ಆ ಡಬ್ಬಿಯ ವೈಭವವನ್ನು ಹೊಗಳುವವರು ಒಲೆಯ ಬಾಗಿಲ ತನಕವೂ ಬಂದಿಲ್ಲ.

ಉಳಿದ ಡಬ್ಬಿಗಳಲ್ಲಿ ಏನಿತ್ತು? ಇದಕ್ಕೆ ಬಹಳ ದೊಡ್ಡ ಸಾಕ್ಷಿಯೇ ಇದೆ, ಅದೂ ನಮ್ಮ ಹಳಿಯ ಮೇಲಿನದೇ. 1917ರ ಸೆಪ್ಟೆಂಬರ್ 12ರಂದು ಗಾಂಧೀಜಿ ಮುಂಬೈಯಲ್ಲಿ ಮದ್ರಾಸಿಗೆ ಮೇಲ್ ಗಾಡಿಯ ಮೂರನೇ ದರ್ಜೆಯ ಟಿಕೆಟ್ ಕೊಂಡರು. ದರ 13 ರೂಪಾಯಿ 9 ಆಣೆ. 22 ಮಂದಿಗೆಂದು ಬರೆದಿದ್ದ ಡಬ್ಬಿಯಲ್ಲಿ ಬಹುಪಾಲು ದಾರಿ 35 ಮಂದಿ. ದಾರಿಯುದ್ದಕ್ಕೂ ಒಮ್ಮೆಯೂ ಕಸ ಗುಡಿಸಲಿಲ್ಲ. ಚಹಾ ಎಂದು ಕೊಟ್ಟದ್ದು ಹೊಲಸು ಸಕ್ಕರೆಯ ಬಗ್ಗಡದ ನೀರು. ರಾಯಚೂರಿನಿಂದ ಮುಂದಕ್ಕೆ ನೂಕುನುಗ್ಗಲು ತಡೆಯಲಾಗದಷ್ಟಾಯಿತು. ಯಾದಗಿರಿಯನ್ನು ದಾಟಿಯೇ ಆ ಗಾಡಿ ರಾಯಚೂರು ಮುಟ್ಟಿರಬೇಕು, ಬೇರೆ ದಾರಿಯಿಲ್ಲ. ಈ ಪ್ರಯಾಣದ ಬಗ್ಗೆ ಅವರು ಪತ್ರಿಕೆಗೆ ಬರೆದದ್ದು ಮೂರನೇ ದರ್ಜೆಯ ಮೇಲಿನ ಅವರ ಪುಸ್ತಿಕೆಯಲ್ಲಿದೆ. ಅದರಲ್ಲಿ ಅವರು ಮಾಡಿದ ಲೆಕ್ಕ ನನಗೆ ಬಹಳ ಮುಖ್ಯ. ಮೊದಲ ದರ್ಜೆಯ ದರ ಮೂರನೆಯದರ ಐದು ಪಟ್ಟಿಗಿಂತ ಹೆಚ್ಚು. ಸರಿ. ಹಾಗಾದರೆ ಮೊದಲ ದರ್ಜೆಯವನಿಗೆ ಸಿಗುವ ಸೌಕರ್ಯದ ಐದನೇ ಒಂದು ಪಾಲು, ಹೋಗಲಿ ಹತ್ತನೇ ಒಂದು ಪಾಲಾದರೂ, ಮೂರನೇ ದರ್ಜೆಯವನಿಗೆ ಸಿಗುತ್ತಿದೆಯೇ? ಅವರ ಪ್ರಶ್ನೆಯ ತಿರುಳು ಇಷ್ಟು. ಎಲ್ಲರಿಗೂ ಸಮಾನ ಸೌಕರ್ಯ ಕೊಡಿ ಎಂದು ಅಲ್ಲಿ ಕೇಳಲಿಲ್ಲ. ಕೊಟ್ಟ ದುಡ್ಡಿಗೆ ತಕ್ಕ ಪಾಲು ಕೇಳಿದರು.

ಆ ದಿನಗಳಲ್ಲಿ ಟೇಶನ್ನುಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ. ಊಟದ ಕೋಣೆಗಳೂ ಬೇರೆ ಬೇರೆ. ಒಳ್ಳೆಯ ಹಳೆಯ ಕಾಲ ಎನ್ನುವವರು ಆ ಎರಡು ಕೊಡಗಳನ್ನೂ ನೆನಪಿಟ್ಟುಕೊಳ್ಳಬೇಕು.

ನಾನು ಗಾಡಿ ಹತ್ತಲು ಶುರು ಮಾಡುವ ಹೊತ್ತಿಗೆ ಮೂರನೇ ದರ್ಜೆ ಎಂಬ ಹೆಸರು ಹೋಗಿತ್ತು. 1974ರಲ್ಲಿ ಅದನ್ನು ತೆಗೆದು ಎರಡನೇ ದರ್ಜೆಗೆ ಸೇರಿಸಿದರು. ಬೆಂಗಳೂರಿಗೆ ಹೋಗುವವರು ಗುಂತಕಲ್ಲಿನಲ್ಲಿ ಇಳಿದು ಸಣ್ಣ ಹಳಿಯ ಗಾಡಿ ಹಿಡಿಯಬೇಕಿತ್ತು. 1980ರ ದಶಕದಲ್ಲಿ ಆ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮ ಮಂದಿಯ ಗಾಡಿಯಾಯಿತು. ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳಿಂದ ಗುಳೆ ಹೋಗುವವರಿಗೆ ಉದ್ಯಾನ್ ಗೊತ್ತಿರುವಷ್ಟು ತಮ್ಮ ತಾಲ್ಲೂಕು ಕಚೇರಿ ಗೊತ್ತಿರಲಿಕ್ಕಿಲ್ಲ. ಒಂದು ದಿಕ್ಕಿಗೆ ಬೆಂಗಳೂರಿನ ಕಟ್ಟಡ ಕೆಲಸ, ಇನ್ನೊಂದು ದಿಕ್ಕಿಗೆ ಪುಣೆ, ಮುಂಬೈಯ ಕಟ್ಟಡ ಕೆಲಸ. ನಾರಾಯಣಪುರದ ಕಾಲುವೆ ಬಂದ ಮೇಲೆ ನೀರು ಕಂಡ ಹೊಲದವರು ಭತ್ತ ಬೆಳೆದರು. ನೀರು ಮುಟ್ಟದ ಹೊಲದವರು, ಹೊಲವೇ ಇಲ್ಲದವರು ಗಾಡಿ ಹತ್ತಿದರು.

ದೂರದ ಗಾಡಿಗಳಲ್ಲಿ ಊಟದ ಡಬ್ಬಿಯ ಮೇಜು ಕುರ್ಚಿ ಹೋಗಿ ಪ್ಯಾಂಟ್ರಿ ಬಂದಿತ್ತು. ಅಲ್ಲಿ ಅಡುಗೆ ಮಾಡಿ ಸೀಟಿಗೇ ತಂದುಕೊಡುವುದು. ದೇಶದಲ್ಲಿ ನಿತ್ಯ ಓಡುವ ಗಾಡಿಗಳ ಪೈಕಿ 1930ರಲ್ಲಿ ಶುರುವಾದ ಪುಣೆ–ಮುಂಬೈ ಡೆಕ್ಕನ್ ಕ್ವೀನ್ ಮಾತ್ರ ಇವತ್ತಿಗೂ ಕೂತು ಉಣ್ಣುವ ಡಬ್ಬಿಯನ್ನು ಉಳಿಸಿಕೊಂಡಿದೆ; 2022ರಲ್ಲಿ ಡಬ್ಬಿಗಳನ್ನು ಹೊಸದಾಗಿಸಿದಾಗಲೂ ಬಿಡಲಿಲ್ಲ. ಪ್ಯಾಂಟ್ರಿಯಿಲ್ಲದ ಗಾಡಿಗೆ ಬೇರೆ ವ್ಯವಸ್ಥೆ. ಒಬ್ಬ ಚೀಟಿ ಹಿಡಿದು ಬಂದು ಎಷ್ಟು ಊಟ ಎಂದು ಬರೆದುಕೊಳ್ಳುವನು, ಮುಂದಿನ ದೊಡ್ಡ ಟೇಶನ್ನಿಗೆ ಸುದ್ದಿ ಹೋಗುವುದು, ಅಲ್ಲಿ ಸ್ಟೀಲಿನ ತಟ್ಟೆಗಳ ಗೋಪುರ ಗಾಡಿ ಏರುವುದು, ಇನ್ನೂ ಮುಂದಿನ ಟೇಶನ್ನಿನಲ್ಲಿ ಎಂಜಲು ತಟ್ಟೆ ಇಳಿಯುವುದು. ಅಚ್ಚುಕಟ್ಟಾದ ಏರ್ಪಾಡು, ನಾನು ಉಂಡಿದ್ದೇನೆ, ಬಿಸಿಯಾಗಿಯೇ ಇರುತ್ತಿತ್ತು. ಆದರೆ ಚೀಟಿಯವನು ರಿಸರ್ವೇಶನ್ ಡಬ್ಬಿಯ ಕೊನೆಗೆ ಬಂದು ಹಿಂದಿರುಗುತ್ತಿದ್ದ. ಅದರಾಚೆ ಜನರಲ್ ಡಬ್ಬಿ. ಅಲ್ಲಿಗೆ ದಾರಿ ಇರುತ್ತಿರಲಿಲ್ಲ, ಇದ್ದರೂ ಶಟರ್ ಎಳೆದಿರುತ್ತಿದ್ದರು. ಈಗಲೂ ಎಳೆದಿರುತ್ತಾರೆ.

ನಮ್ಮ ಮಂದಿ ಅದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಬುತ್ತಿ. ಜೋಳದ ಕಟಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಉಳ್ಳಾಗಡ್ಡಿ. ಮೊದಲ ಹೊತ್ತಿಗೆ ಪುಂಡಿಪಲ್ಯ, ಅದು ತಡೆಯುವುದು ಅಷ್ಟೇ ಹೊತ್ತು. ಬಟ್ಟೆಯ ಗಂಟು ಬಿಚ್ಚಿ ತೊಡೆಯ ಮೇಲೆ ಹರಡಿದರೆ ಪಕ್ಕದವರಿಗೂ ಒಂದು ತುಂಡು. “ತಗೋರಿ ಅಕ್ಕಾರ, ರೊಟ್ಟಿ ಮುರೀರಿ” ಎನ್ನದೆ ಉಣ್ಣುವವರನ್ನು ನಾನು ನೋಡಿಲ್ಲ. ಇದನ್ನು ಬಡತನದ ಚೆಲುವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ರೊಟ್ಟಿ ಕಟ್ಟಿಕೊಳ್ಳಬಹುದು, ನೀರು ಎಷ್ಟೆಂದು ಕಟ್ಟಿಕೊಳ್ಳುವುದು? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಗಾಡಿ ನಿಂತರೆ ಬಾಟಲಿ ಹಿಡಿದು ನಲ್ಲಿಗೆ ಓಡಬೇಕು; ಜನರಲ್ ಡಬ್ಬಿ ಗಾಡಿಯ ತುದಿಯಲ್ಲಿ, ನಲ್ಲಿ ಪ್ಲಾಟ್‌ಫಾರ್ಮಿನ ನಡುವಿನಲ್ಲಿ. ಬಾಟಲಿ ಅರ್ಧ ತುಂಬುವಷ್ಟರಲ್ಲಿ ಸೀಟಿ ಕೇಳುತ್ತದೆ. ಓಡಿ ಬಂದು ಬಾಗಿಲ ಸರಳು ಹಿಡಿದು ನೇತಾಡಿದವರನ್ನು ಒಳಗೆ ಎಳೆದುಕೊಂಡ ಕೈಗಳಲ್ಲಿ ನನ್ನದೂ ಒಂದು.

ಕುಡಿತದ ಮಾತನ್ನು ಇಲ್ಲಿ ಬಿಡುವಂತಿಲ್ಲ. ಸಾಮಾನ್ಯ ಗಾಡಿಗಳಲ್ಲಿ ಮದ್ಯದ ಸೇವೆ ಎಂಬುದಿಲ್ಲ. 1989ರ ರೈಲ್ವೆ ಕಾಯ್ದೆಯ 145ನೇ ಕಲಮಿನ ಪ್ರಕಾರ ಗಾಡಿಯಲ್ಲಿ ಕುಡಿದ ಅಮಲಿನಲ್ಲಿದ್ದರೆ, ಗದ್ದಲ ಮಾಡಿದರೆ ಇಳಿಸಬಹುದು; ಆರು ತಿಂಗಳ ತನಕ ಸೆರೆ, 500 ರೂಪಾಯಿ ತನಕ ದಂಡ. ಕಾಯ್ದೆ ಇದೆ, ಕುಡಿತವೂ ಇದೆ. ಮೊದಲು ಪಾಕೀಟು ಸಾರಾಯಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ, ತಂಪು ಪಾನೀಯದ ಬಾಟಲಿಯಲ್ಲಿ ಬೆರೆಸಿದ್ದು. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ, ತಿಂಥಣಿ ಮೌನೇಶ್ವರನ ಜಾತ್ರೆಗೆ ಊರಿಗೆ ಮರಳುವ ದಿನಗಳಲ್ಲಿ ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೈಯಲ್ಲಿ ತಿಂಗಳುಗಳ ದುಡಿಮೆಯ ದುಡ್ಡು. ಅಂಥ ಒಂದು ರಾತ್ರಿ ಬಾಗಿಲ ಹತ್ತಿರ ತೂರಾಡುತ್ತಿದ್ದವನಿಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಹೆಣ್ಣುಮಗಳೊಬ್ಬಳು, “ಯಣ್ಣಾ, ಹೆಣ್ಮಕ್ಕಳು ಕುಂತೀವಿ, ಆ ಕಡಿ ಸರಕೊಂಡ್ ನಿಂದರು” ಎಂದಳು. ಅವನು ಸರಿಯಲಿಲ್ಲ. ಡಬ್ಬಿಯ ನಾಲ್ಕಾರು ಹೆಂಗಸರು ಎದ್ದು ನಿಂತರು. ಆಗ ಸರಿದ. ಪೊಲೀಸರು ಆ ಡಬ್ಬಿಗೆ ಬರಲು ಒಳಗಿನಿಂದ ದಾರಿಯೇ ಇರಲಿಲ್ಲ. ಊಟ ತರುವವನಿಗೆ ಎಳೆದ ಶಟರ್ ಕಾಯುವವನಿಗೂ ಅಡ್ಡವಾಗುತ್ತದೆ.

ಈಗ ಇನ್ನೊಂದು ಗಾಡಿಯ ಮಾತು. ಕರ್ನಾಟಕ ಸರ್ಕಾರದ ಪ್ರವಾಸೋದ್ಯಮ ನಿಗಮ 2008ರಲ್ಲಿ ಗೋಲ್ಡನ್ ಚಾರಿಯಟ್ ಓಡಿಸಿತು. ನಡುವೆ ನಿಂತಿತು, 2021ರಲ್ಲಿ ಐ.ಆರ್.ಸಿ.ಟಿ.ಸಿ. ಕೈಯಲ್ಲಿ ಮತ್ತೆ ಹೊರಟಿತು. ಊಟಕ್ಕೆ ಎರಡು ಡಬ್ಬಿ, ‘ನಳ’ ಮತ್ತು ‘ರುಚಿ’. ಬಾರ್ ಮತ್ತು ಲೌಂಜಿಗೆ ಒಂದು ಡಬ್ಬಿ, ಹೆಸರು ‘ಮದಿರಾ’. ಸೋಫಾ, ಮಂದ ದೀಪ, ಗಾಜಿನ ಲೋಟಗಳ ಸಾಲು. ನಮ್ಮ ಮಾವನ ಹಿರಿಯರು ಕಲಿತ ವಿದ್ಯೆಗೆ ಅಲ್ಲಿ ಇನ್ನೂ ಕೆಲಸವಿದೆ. ದರ ಒಬ್ಬರಿಗೆ ಲಕ್ಷಗಳ ಲೆಕ್ಕ. ದುಡ್ಡಿರುವವರು ಕೊಡಲಿ, ಕೂತು ಕುಡಿಯಲಿ, ನನಗೆ ಅದರ ಮೇಲೆ ಸಿಟ್ಟಿಲ್ಲ. ಅದರಿಂದ ಕೆಲವು ನೂರು ಮಂದಿಗೆ ಅನ್ನ ಸಿಕ್ಕರೆ ಒಳ್ಳೆಯದೇ.

ನನ್ನನ್ನು ನೋಯಿಸುವುದು ಅದರ ಮಲಗುವ ಡಬ್ಬಿಗಳ ಹೆಸರುಗಳು. ನಾಡನ್ನು ಆಳಿದ ಮನೆತನಗಳ ಹೆಸರಿಟ್ಟಿದ್ದಾರೆ. ಕದಂಬ, ಗಂಗ, ಹೊಯ್ಸಳ, ಚಾಲುಕ್ಯ ಇವೆ. ರಾಷ್ಟ್ರಕೂಟ ಇದೆ, ಬಹಮನಿ ಇದೆ, ಆದಿಲ್‌ಶಾಹಿ ಇದೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯ ಪಕ್ಕದಲ್ಲಿದೆ. ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ ಮುಂಬೈ ಹಳಿಯ ಮೇಲೇ ಇದೆ. ಆದರೆ ಆ ಗಾಡಿ ಮೈಸೂರು, ಹಾಸನದ ಕಡೆ, ಹಂಪಿ, ಗೋವಾ ಸುತ್ತಿ ಬೆಂಗಳೂರಿಗೆ ಮರಳುತ್ತದೆ. ನಮ್ಮ ಕಡೆಯ ಅರಸರ ಹೆಸರು ಹೊತ್ತ ಡಬ್ಬಿಗಳು ನಮ್ಮ ಕಡೆಗೆ ಬರುವುದಿಲ್ಲ. ನಮ್ಮಿಂದ ಹೆಸರು ತೆಗೆದುಕೊಂಡರು, ನಿಲುಗಡೆ ಕೊಡಲಿಲ್ಲ.

ನಿಲುಗಡೆಯ ಕೊರಗು ಹೊಸದಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರದ ಟೇಶನ್ ಎಂಬ ಮರ್ಯಾದೆ ಬಂದೀತೆಂದು ನಂಬಿದ್ದೆವು. 2024ರ ಮಾರ್ಚ್ 12ರಂದು ಕಲಬುರಗಿ–ಬೆಂಗಳೂರು ವಂದೇ ಭಾರತ್ ಶುರುವಾದಾಗ ಅದರ ಮೊದಲ ವೇಳಾಪಟ್ಟಿಯಲ್ಲಿ ಯಾದಗಿರಿ ಇರಲಿಲ್ಲ. ಮಂದಿ ಕೂಗಿ ಕೇಳಬೇಕಾಯಿತು. ಆ ಗಾಡಿಯಲ್ಲಿ ಊಟ ಸೀಟಿಗೆ ಬರುತ್ತದೆ, ಚೊಕ್ಕಟವಾಗಿದೆ. ಬೇರರ್ ಹುಡುಗರು ರುಮಾಲು ಕಟ್ಟುವುದಿಲ್ಲ, ಹಿಂದೂ ನೀರು ಮುಸಲ್ಮಾನ ನೀರು ಎಂದು ಕೇಳುವುದಿಲ್ಲ. ಇದು ನಿಜವಾದ ಬದಲಾವಣೆ, ಅದನ್ನು ಒಪ್ಪಲೇಬೇಕು. ಆದರೆ ಆ ಗಾಡಿಗೆ ಜನರಲ್ ಡಬ್ಬಿ ಇಲ್ಲ. ಗುಳೆ ಹೋಗುವವರು ಇನ್ನೂ ಉದ್ಯಾನ್ ಕಾಯುತ್ತಾರೆ.

ಒಂದು ಕೆಲಸವನ್ನು ಮಾತ್ರ ರೈಲ್ವೆ ಸರಿಯಾದ ಕಡೆಯಿಂದ ಶುರು ಮಾಡಿತು. 2023ರ ಜುಲೈಯಲ್ಲಿ ಕೆಲವು ಟೇಶನ್ನುಗಳಲ್ಲಿ, ಜನರಲ್ ಡಬ್ಬಿ ಬಂದು ನಿಲ್ಲುವ ಜಾಗಕ್ಕೆ ಎದುರಾಗಿಯೇ, ಊಟದ ಕೌಂಟರ್ ಇಟ್ಟರು. 20 ರೂಪಾಯಿಗೆ ಪೂರಿ, ಆಲೂಗಡ್ಡೆ ಪಲ್ಯ, ಉಪ್ಪಿನಕಾಯಿ. 50 ರೂಪಾಯಿಗೆ ಇನ್ನೂ ಸ್ವಲ್ಪ ಗಟ್ಟಿ ಊಟ. 3 ರೂಪಾಯಿಗೆ 200 ಮಿಲಿ ನೀರು. ಆಮೇಲೆ ಇನ್ನಷ್ಟು ಟೇಶನ್ನುಗಳಿಗೆ ಹಬ್ಬಿತು. ಯಾರದೋ ತಲೆಯಲ್ಲಿ ಜನರಲ್ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂಬ ಯೋಚನೆ ಬಂತಲ್ಲ, ಅದೇ ದೊಡ್ಡದು. ಗಾಂಧೀಜಿ ಕೇಳಿದ ಹತ್ತನೇ ಒಂದು ಪಾಲಿನ ದಾರಿ ಇದೇ.

ನಾನು ಕೇಳುವುದೂ ಅಷ್ಟೇ. ಉದ್ಯಾನ್ ಬರುವ ಹೊತ್ತಿಗೆ, ದಿಲ್ಲಿಯ ಕೆ.ಕೆ. (ಕರ್ನಾಟಕ ಎಕ್ಸ್‌ಪ್ರೆಸ್) ಬರುವ ಹೊತ್ತಿಗೆ, ಯಾದಗಿರಿಯ ಪ್ಲಾಟ್‌ಫಾರ್ಮಿನ ಎರಡೂ ತುದಿಗೆ ಅಂಥ ಕೌಂಟರ್ ಇರಲಿ, ದಿನವೂ ಇರಲಿ. ಅದರ ಪಕ್ಕ ಬೇಸಿಗೆಯಲ್ಲೂ ನಿಲ್ಲದ ನಲ್ಲಿ ಇರಲಿ. ಪೂರಿಯೇ ಆಗಬೇಕೆಂದಿಲ್ಲ. ಒಂದು ಟೇಶನ್ ಒಂದು ಉತ್ಪನ್ನ ಎಂಬ ರೈಲ್ವೆಯ ಯೋಜನೆ 2022ರಿಂದ ಇದೆ. ನಮ್ಮ ಕಡೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಕಟಕ್ ರೊಟ್ಟಿ ಮಾಡಿ ದೂರದ ಊರುಗಳಿಗೆ ಕಳಿಸುತ್ತಿದ್ದಾರೆ. ಕಟಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಫ್ರಿಜ್ ಬೇಡ, ಒಲೆ ಬೇಡ. ನಾಲ್ಕು ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ, ಒಂದು ಬಾಟಲಿ ನೀರು. ಎರಡು ನಿಮಿಷದ ನಿಲುಗಡೆಯಲ್ಲಿ ಕಿಟಕಿಯಿಂದಲೇ ಕೊಡಬಹುದು, ತೆಗೆದುಕೊಳ್ಳಬಹುದು. ಶಹಾಪುರ, ಸುರಪುರ, ಯಾದಗಿರಿಯ ಶಾಸಕರು, ಸಂಸದರು, ಜಿಲ್ಲಾಡಳಿತ ಇದಕ್ಕಾಗಿ ಒಂದು ಮನವಿಯನ್ನು ರೈಲ್ವೆಗೆ ಕಳಿಸಲಿ. ಬರುವ ಬೇಸಿಗೆಯ ಗುಳೆ ಶುರುವಾಗುವ ಮೊದಲೇ ಕಳಿಸಲಿ.